ಹೊಲ ಕಾಯಾಂವ

ಬೂಟು ಬಿಚ್ಚು ಅಂದರು. ಅಡಿವೆಪ್ಪ ಬಿಚ್ಚಿದ. ಅಂಗಿ ಬಿಚ್ಚು ಅಂದರು. ಅದನ್ನೂ ಬಿಚ್ಚಿದ. ಹತ್ತು ವರ್ಷದ ಹಿಂದೆ ಜೈಲಿನ ಬಾಗಿಲಲ್ಲೂ ಹೀಗೇ ಒಂದೊಂದಾಗಿ ಬಿಚ್ಚಿಸಿದ್ದರು. ಅಲ್ಲಿ ಬಿಚ್ಚಿಸಿ, ಬಾಯಿ ತೆರೆಸಿ, ಬಗ್ಗಿಸಿ ನೋಡಿದ್ದರು. ಇಲ್ಲಿ ಬಿಚ್ಚಿಸಿ ಕಾವಿ ತೊಡಿಸಿದರು. ವ್ಯತ್ಯಾಸ ಅಷ್ಟೇ.

ಇದು ಮೆಲ್ಬರ್ನಿನ ಬಾಕ್ಸ್ ಹಿಲ್. ಹೋಟೆಲಿನ ಮೇಲಿನ ಕೋಣೆ. ಕೆಳಗಿನ ಹಾಲ್‌ನಲ್ಲಿ ಹತ್ತಾರು ದೇಶದ ಜನ ಕೂತಿದ್ದರು. ಗಾಂಜಾವನ್ನು ಜಗತ್ತಿನಾದ್ಯಂತ ಕಾನೂನಿನೊಳಗೆ ತರುವುದು ಹೇಗೆ ಎಂಬ ಬಗ್ಗೆ ಅಲ್ಲಿ ಸಮ್ಮೇಳನ. ಗಾಂಜಾ ಅನ್ನುವಂತಿರಲಿಲ್ಲ, ಕ್ಯಾನಬಿಸ್ ಅನ್ನಬೇಕು. ಸೇದುವುದು ಅನ್ನುವಂತಿರಲಿಲ್ಲ, ಬಳಸುವುದು ಅನ್ನಬೇಕು. ಜೈಲು ಅಂತೂ ಅನ್ನಲೇಬಾರದು. ಇದನ್ನೆಲ್ಲ ಯತೀಶ ಸಿಡ್ನಿಯಿಂದ ಬರುವಾಗ ವಿಮಾನದಲ್ಲೇ ಹೇಳಿಕೊಟ್ಟಿದ್ದ.

ಯತೀಶ ಈಗ ನಾರ್ತ್ ಸಿಡ್ನಿಯ ಐಟಿ ಕೆಲಸ ಬಿಟ್ಟು ಗಾಂಜಾ ಔಷಧಿಯ ಕಂಪನಿಯೊಂದರಲ್ಲಿ ಡೈರೆಕ್ಟರ್. ತುಮಕೂರಿನ ಕಡೆಯವನು, ಅಪ್ಪನಿಗೆ ಅಕ್ಕಿ ಗಿರಣಿ. ಅಡಿವೆಪ್ಪನ ಹಣೆಗೆ ತಾನೇ ವಿಭೂತಿ ಬಳಿದು, ಎರಡು ಹೆಜ್ಜೆ ಹಿಂದೆ ಸರಿದು, ಕಟ್ಟಿಸಿದ ಮನೆ ನೋಡುವವನಂತೆ ನೋಡಿದ.

"ಸೂಪರ್ ಗುರು. ಬರಿಗಾಲಲ್ಲೇ ಬಾ ಸ್ಟೇಜ್ ಮೇಲೆ. ಅಥೆಂಟಿಕ್ ಆಗಿರತ್ತೆ. ಕನ್ನಡದಲ್ಲೇ ಮಾತಾಡು, ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ."

"ನನಗ ಇಂಗ್ಲಿಷ್ ಬರ್ತದಲ್ರಿ ಯತೀಶಣ್ಣ."

"ಆ ಕಿಚನ್ ಇಂಗ್ಲಿಷ್ ಬೇಡ. ಮಠ, ಪ್ರಸಾದ, ಅಜ್ಜ, ಅಷ್ಟು ಹೇಳು ಸಾಕು. ಐದು ನಿಮಿಷ. ನಿನ್ನ ವೀಸಾ ಕೇಸ್‌ಗೆ ನಮ್ಮ ಲಾಯರ್ ನಿಂತ್ಕೋತಾರೆ. ಡೀಲ್ ಅಂದ್ರೆ ಡೀಲ್."

ಸಮ್ಮೇಳನದ ಯಜಮಾನಿ ಬ್ರಾನ್ವಿನ್ ಒಳಗೆ ಬಂದಳು. ಬಿಳಿಕೂದಲಿನ, ದನಿ ಮೃದುವಾದ ಹೆಂಗಸು. ಅಡಿವೆಪ್ಪನ ಎರಡೂ ಕೈ ಹಿಡಿದು ತಿರುಗಿಸಿದಳು. ಅಂಗೈ ಸೀಳಿತ್ತು. ಬೆರಳ ಸಂದು ಬೆಳ್ಳಗೆ ಸುಲಿದಿತ್ತು. "ಈ ಕೈ ನೋಡಿ, ಮಣ್ಣಿನ ಕೈ" ಎಂದು ವಿಡಿಯೋದವನನ್ನು ಕರೆದಳು. ಅವನು ಕೈಗಳನ್ನೇ ಹತ್ತಿರದಿಂದ ತೆಗೆದ. ಅದು ಮಣ್ಣಿನ ಕೈಯಲ್ಲ. ಸಿಡ್ನಿಯ ಹ್ಯಾರಿಸ್ ಪಾರ್ಕಿನ ಹೋಟೆಲಿನಲ್ಲಿ ಎಣ್ಣೆ ಹಿಡಿದ ತಪ್ಪಲೆಗಳನ್ನು ಸುಡುನೀರಿನಲ್ಲಿ ತಿಕ್ಕಿ ತಿಕ್ಕಿ ಸುಟ್ಟುಕೊಂಡ ಕೈ. ಕೇಳಿದವರು ಯಾರು?

ಬ್ರಾನ್ವಿನ್ ಅವನ ಎದೆಗೆ ಬ್ಯಾಡ್ಜ್ ಚುಚ್ಚಿದಳು. ಅವನು ಕತ್ತು ಬಗ್ಗಿಸಿ ತಲೆಕೆಳಗಾಗಿದ್ದ ಅಕ್ಷರ ಓದಿದ. ಅಡಿವೆಪ್ಪ, ಟ್ರೆಡಿಷನಲ್ ಫಾರ್ಮರ್, ಇಂಡಿಯಾ.

ಫಾರ್ಮರ್. ಈ ಪದ ಅಡಿವೆಪ್ಪನಿಗೆ ಗೊತ್ತು. ಈ ಪದ ಅವನ ಹದಿನೆಂಟು ತಿಂಗಳನ್ನು ತಿಂದಿದೆ.

ಅಡಿವೆಪ್ಪ ಸುರಪುರದ ಕಡೆಯವನು. ಅವನ ಕೇರಿಯಲ್ಲಿ ಒಬ್ಬರಿಗೂ ಗೇಣು ಹೊಲವಿರಲಿಲ್ಲ. ಅಪ್ಪ ಕರಿಯಪ್ಪ ಹೊಲ ಕಾಯುತ್ತಿದ್ದ. ಗೌಡರ ಜೋಳ, ಗೌಡರ ಶೇಂಗಾ, ಗೌಡರ ಹಕ್ಕಿ. ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಿ ಬೀಸಿ ಅವನ ಬಲಗೈ ಎಡಗೈಗಿಂತ ಉದ್ದವಾದಂತೆ ಕಾಣುತ್ತಿತ್ತು. ನಾಲ್ಕು ತೆನೆ ಕಡಿಮೆಯಾದರೆ ಅದೇ ಕೈಯನ್ನು ಹಿಂದಕ್ಕೆ ಕಟ್ಟಿ ಹೊಡೆಯುತ್ತಿದ್ದರು. ರಾಶಿಯಾದ ದಿನ ದೂರ ನಿಲ್ಲಿಸಿ ಧೋತರದ ಸೆರಗಿಗೆ ಜೋಳ ಸುರಿಯುತ್ತಿದ್ದರು. ಹೊಲ ಕಾಯುವವನಿಗೆ ಹೊಲದೊಳಗೆ ಕಾಲಿಡುವ ಹಕ್ಕು ಬೆಳೆ ಇರುವ ತನಕ ಮಾತ್ರ.

ಒಂದು ಜಾಗದಲ್ಲಿ ಮಾತ್ರ ಅಪ್ಪ ಮನುಷ್ಯನಾಗುತ್ತಿದ್ದ. ಅದು ಊರಾಚೆಯ ಶರಣರ ಮಠ. ಅಮಾವಾಸ್ಯೆಯ ಭಜನೆ ಮುಗಿದ ಮೇಲೆ ಚಿಲುಮೆ ಸುತ್ತು ಬರುತ್ತಿತ್ತು. ಅಲ್ಲಿ ಅದಕ್ಕೆ ಗಾಂಜಾ ಅನ್ನುತ್ತಿರಲಿಲ್ಲ, ಪತ್ರಿ ಅನ್ನುತ್ತಿದ್ದರು. ಗೌಡನ ತುಟಿ ಮುಟ್ಟಿದ ಚಿಲುಮೆ ಕರಿಯಪ್ಪನ ತುಟಿಗೆ ಬರುತ್ತಿತ್ತು, ಕರಿಯಪ್ಪನ ಎಂಜಲು ಗೌಡನ ಬಾಯಿಗೆ ಹೋಗುತ್ತಿತ್ತು. ಬೆಳಗಾದರೆ ಮತ್ತೆ ಅದೇ ಕಟ್ಟು, ಅದೇ ಹೊಡೆತ. ಆದರೂ ಮಠದ ಕಟ್ಟಳೆ ಕಟ್ಟಳೆಯೇ. ಒಂದು ಚಿಲುಮೆ ಹಂಚಿಕೊಂಡವರು ಒಂದೇ ಗುರುವಿನ ಮಕ್ಕಳು. ಒಬ್ಬರು ಇನ್ನೊಬ್ಬರ ಹೆಸರನ್ನು ಪೊಲೀಸರೆದುರು ಎತ್ತಬಾರದು. ಗೌಡರು ಈ ಕಟ್ಟಳೆ ಪಾಲಿಸಿದರೋ ಬಿಟ್ಟರೋ, ಕರಿಯಪ್ಪ ಪಾಲಿಸಿದ. ಮಗನಿಗೂ ಹೇಳಿಕೊಟ್ಟ. ಬಡವರು ಮಕ್ಕಳಿಗೆ ಬಿಟ್ಟು ಹೋಗುವ ಆಸ್ತಿ ಇಂಥದ್ದೇ.

ಅಡಿವೆಪ್ಪ ಅಡುಗೆ ಕೋರ್ಸಿನ ವೀಸಾದಲ್ಲಿ ಸಿಡ್ನಿಗೆ ಬಂದಾಗ ಟೂಂಗಾಬಿಯ ಮನೆಯೊಂದರಲ್ಲಿ ಏಳು ಹುಡುಗರ ಜೊತೆ ಇದ್ದ. ಅದರಲ್ಲಿ ಯತೀಶನೂ ಒಬ್ಬ. ಮೊದಲ ದಿನವೇ "ಏನ್ ಗುರು, ಊಟ ಆಯ್ತಾ?" ಎಂದು ಕೇಳಿದ. ಬೆಂಗಳೂರು ಕಡೆಯ ಹುಡುಗರು ಬಸ್ ಕಂಡಕ್ಟರನಿಗೂ ಗುರು ಅನ್ನುತ್ತಾರೆ, ಬೀದಿನಾಯಿಗೂ ಅನ್ನುತ್ತಾರೆ. ಸುರಪುರದವನಿಗೆ ಇದು ಹೇಗೆ ತಿಳಿಯಬೇಕು? ಗಿರಣಿ ಸಾಹುಕಾರನ ಮಗ ತನ್ನನ್ನು ಗುರು ಎಂದ ಅಂತ ಅಡಿವೆಪ್ಪನ ಕಣ್ಣು ತುಂಬಿತು. ಆ ವಾರವೇ ಹಿತ್ತಿಲಲ್ಲಿ ಇಬ್ಬರೂ ಒಂದು ಚಿಲುಮೆ ಹಂಚಿಕೊಂಡರು. ಅಡಿವೆಪ್ಪ ಒದ್ದೆ ಬಟ್ಟೆ ಸುತ್ತಿ, ಕಣ್ಣಿಗೊತ್ತಿಕೊಂಡು ಕೊಟ್ಟ. ಯತೀಶ ಸೇದಿ ಕೆಮ್ಮಿ ನಕ್ಕ. ಒಬ್ಬನಿಗೆ ಅದು ದೀಕ್ಷೆ, ಇನ್ನೊಬ್ಬನಿಗೆ ಶನಿವಾರ.

ಕೆಲಸವಿಲ್ಲದೆ ಅಲೆಯುತ್ತಿದ್ದವನಿಗೆ ಯತೀಶನೇ ಕೆಲಸ ಕೊಟ್ಟ. ಎರಡು ಬೀದಿ ಆಚೆ ಬೇರೆ ಯಾರದೋ ಹೆಸರಿನಲ್ಲಿ ರೆಂಟ್‌ಗೆ ಹಿಡಿದ ಮನೆ. ಕಿಟಕಿಗಳಿಗೆಲ್ಲ ಕಪ್ಪು ಪ್ಲಾಸ್ಟಿಕ್. ಮಲಗುವ ಕೋಣೆ, ಹಾಲ್, ಬಚ್ಚಲು, ಎಲ್ಲ ಕಡೆ ಕುಂಡ. ಕುಂಡದಲ್ಲಿ ಆಳೆತ್ತರದ ಗಿಡ. ಮೇಲೆ ಕುದಿಯುವ ದೀಪ.

"ಏನೂ ಇಲ್ಲ ಗುರು. ಸುಮ್ನೆ ನೋಡ್ಕೋಬೇಕು ಅಷ್ಟೇ" ಎಂದಿದ್ದ ಯತೀಶ.

ಸುಮ್ಮನೆ ಅಂದರೆ ಹೀಗೆ. ಹೊರಗೆ ಹೋಗುವಂತಿಲ್ಲ. ಕಿಟಕಿ ತೆರೆಯುವಂತಿಲ್ಲ. ಬಾಗಿಲು ಬಡಿದರೆ ಉಸಿರಾಡುವಂತಿಲ್ಲ. ಬಕೆಟ್ ಬಕೆಟ್ ನೀರು ಹೊತ್ತು ಕುಂಡ ಕುಂಡಕ್ಕೆ ಸುರಿಯಬೇಕು. ಬೆನ್ನಿನ ಚರ್ಮ ದೀಪದ ಕಾವಿಗೆ ಸುಲಿಯುತ್ತಿತ್ತು. ಗೋಡೆಯ ಬೂಷ್ಟು ಎದೆಯೊಳಗೆ ಇಳಿದು ಕೆಮ್ಮಿದರೆ ಕಪ್ಪು ಕಫ ಬರುತ್ತಿತ್ತು. ಕಳ್ಳ ಕರೆಂಟಿನ ವೈರು ಮುಟ್ಟಿ ಒಂದು ಸಲ ಗೋಡೆಗೆ ಬಡಿದು ಬಿದ್ದಿದ್ದ. ಹೂ ಬಿಡಿಸುವ ಕಾಲಕ್ಕೆ ಬೆರಳಿಗೆ ಅಂಟು ಮೆತ್ತಿ ಅನ್ನ ಕಲಸಿದರೆ ಅನ್ನವೂ ಕಹಿಯಾಗುತ್ತಿತ್ತು. ಅಡುಗೆಮನೆಯ ಮೇಜಿನ ಕೆಳಗೆ ಮಲಗುತ್ತಿದ್ದ, ಬೇರೆ ಜಾಗವೆಲ್ಲ ಗಿಡಗಳದ್ದು. ಯತೀಶ ಆಗಾಗ ಬ್ರೆಡ್ಡು, ಬೇಳೆ ತಂದಿಟ್ಟು ಹೂವಿನ ಚೀಲ ಹೊತ್ತೊಯ್ಯುತ್ತಿದ್ದ. ಅಪ್ಪನಿಗಾದರೂ ಅಟ್ಟಣಿಗೆ ಮೇಲೆ ಆಕಾಶವಿತ್ತು.

ಪೊಲೀಸರು ಬಾಗಿಲು ಒಡೆದು ಬಂದಾಗ ಮನೆಯಲ್ಲಿ ಅಡಿವೆಪ್ಪ ಒಬ್ಬನೇ ಇದ್ದ. ನೆಲಕ್ಕೆ ಕೆಡವಿ ಬೆನ್ನಿನ ಮೇಲೆ ಮೊಣಕಾಲೂರಿದರು. ಸುಲಿದ ಬೆನ್ನು. ಅವನು ಕೂಗಿದ. ಇನ್ನಷ್ಟು ಅದುಮಿದರು.

ಆಗ ಅವನ ಇಂಗ್ಲಿಷ್ ಇನ್ನೂ ಹಸಿ. ಠಾಣೆಯಲ್ಲಿ ಫೋನಿನ ಮೇಲೆ ದುಭಾಷಿಯನ್ನು ಹಿಡಿದರು. ಬೆಂಗಳೂರಿನ ಹೆಣ್ಣುಮಗಳ ದನಿ.

"ಆ ಮನೇಲಿ ನೀವು ಏನು ಮಾಡ್ತಿದ್ರಿ ಅಂತ ಕೇಳ್ತಿದಾರೆ."

"ನಾ ಹೊಲಾ ಕಾಯಾಂವ ರೀ."

"ಏನು?"

"ಹೊಲಾ ಕಾಯಾಂವ ರೀ ಅಕ್ಕಾ. ನಮ್ಮಪ್ಪನೂ ಅದೇ ಮಾಡ್ತಿದ್ದ."

ಪಾಪ, ಅವಳು ಹೊಲ ಕಂಡವಳಲ್ಲ. ಹೊಲಕ್ಕೆ ಒಡೆಯನೊಬ್ಬ, ಕಾಯುವವನೊಬ್ಬ ಇರುತ್ತಾರೆಂದು ಅವಳಿಗೆ ಯಾರು ಹೇಳಿದ್ದರು? ಹೊಲ ಎಂಬುದೊಂದು ಕಿವಿಗೆ ಬಿತ್ತು. ಇಂಗ್ಲಿಷಿನಲ್ಲಿ ಹೇಳಿದಳು: "ಇವರು ಫಾರ್ಮರ್ ಅಂತೆ. ತಂದೆಯ ಕಾಲದಿಂದಲೂ ಇದೇ ಕಸುಬಂತೆ."

ಪೊಲೀಸನ ಮುಖ ಅರಳಿತು. ಬೆಳೆದವನೇ ಒಪ್ಪಿಕೊಂಡನಲ್ಲ. ಕೋರ್ಟಿನಲ್ಲೂ ಅದೇ ಪದ ಓಡಿತು. ವಂಶಪಾರಂಪರ್ಯವಾಗಿ ಬೆಳೆಯುವವನು. ಕೂಲಿಯಾಳಲ್ಲ, ಕಸುಬುದಾರ. ಮನೆ ಯಾರದು, ಹೂ ಯಾರು ಒಯ್ಯುತ್ತಿದ್ದರು ಎಂದು ಕೇಳಿದರೆ ಅಡಿವೆಪ್ಪ ಬಾಯಿ ಬಿಡಲಿಲ್ಲ. ಚಿಲುಮೆ ಹಂಚಿಕೊಂಡಿದ್ದನಲ್ಲ. ಮಠದ ಕಟ್ಟಳೆ. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುವ ಗಾದೆ ಉಂಟು. ಇಲ್ಲಿ ಒಡೆಯನೇ ಹೊಲ ಮೇಯ್ದು ಬೇಲಿಯನ್ನು ಜೈಲಿಗೆ ಕಳಿಸಿದ. ಹದಿನೆಂಟು ತಿಂಗಳಲ್ಲಿ ಯತೀಶ ಒಂದು ದಿನವೂ ನೋಡಲು ಬರಲಿಲ್ಲ. ಆ ಹೊತ್ತಿಗೆ ಅವನಿಗೆ ಪಿಆರ್, ಅಂದರೆ ದೇಶದಲ್ಲಿ ಕಾಯಂ ನೆಲೆಸುವ ಹಕ್ಕು, ಸಿಕ್ಕಿತ್ತು.

ಜೈಲಿನಿಂದ ಬಂದವನಿಗೆ ಸಿಕ್ಕವಳು ಡೆಲ್ಫಿನ್. ಮಂಗಳೂರಿನ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಣ್ಣು, ಮುದುಕರ ಹೋಮಿನಲ್ಲಿ ನರ್ಸು. ಅದೇ ಹೋಮಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಅಡಿವೆಪ್ಪ ಮಲಮೂತ್ರದ ಚಾದರ ಒಗೆಯುತ್ತಿದ್ದ. ಅವಳು ಅವನನ್ನು ಮದುವೆಯಾದ ಮೇಲೆ ಅವಳ ಅಣ್ಣ ಆಲ್ರಾಯ್ ಕ್ರಿಸ್ಮಸ್ಸಿಗೂ ಕರೆಯುವುದನ್ನು ಬಿಟ್ಟ. ಜೈಲಿಗೆ ಹೋದವನೆಂದು ಬಾಯಲ್ಲಿ ಹೇಳಿದ. ಬಾಯಲ್ಲಿ ಹೇಳದ್ದು ಜಾತಿ. ಏಸುವಿನ ಮನೆಯಲ್ಲೂ ಅದಕ್ಕೊಂದು ಕುರ್ಚಿ ಇದೆ. ಮಗಳು ಗ್ಲೆನಿಟಾ ಹುಟ್ಟಿದಳು. ಅಪ್ಪನ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಡಿವೆಪ್ಪನ ವೀಸಾ ಅರ್ಜಿ ವರ್ಷಗಟ್ಟಲೆ ತೂಗಾಡಿತು. ವರ್ಷಕ್ಕೆ ಮೇಲ್ಪಟ್ಟು ಶಿಕ್ಷೆಯಾದವನ ನಡತೆ ಕೆಟ್ಟದ್ದು, ಅಂಥವನನ್ನು ದೇಶದಿಂದ ಹೊರಹಾಕಬಹುದು ಎನ್ನುತ್ತಿತ್ತು ಕಾನೂನು.

ಅಷ್ಟರಲ್ಲಿ ಜಗತ್ತಿಗೆ ಜ್ಞಾನೋದಯವಾಯಿತು. ಅಮೆರಿಕದ ರಾಜ್ಯಗಳು ಓಟು ಹಾಕಿ ಅಂಗಡಿ ತೆರೆದವು. ಉರುಗ್ವೆಯಲ್ಲಿ ಸರ್ಕಾರವೇ ಮಾರತೊಡಗಿತು. ಆಸ್ಟ್ರೇಲಿಯಾದಲ್ಲೂ ಔಷಧಿಗೆ ಬೆಳೆಯಬಹುದೆಂದು ಕಾನೂನು ಬಂತು. ಲೈಸೆನ್ಸ್ ಬೇಕೆಂದರೆ ಒಳ್ಳೆಯ ನಡತೆ ಇರಬೇಕು. ಯತೀಶನಿಗೆ ಒಳ್ಳೆಯ ನಡತೆಯಿತ್ತು. ಅವನ ಮೇಲೆ ಒಂದು ಕೇಸೂ ಇರಲಿಲ್ಲ. ಇರದಂತೆ ನೋಡಿಕೊಂಡವನು ಅಡಿವೆಪ್ಪ.

ಟೂಂಗಾಬಿಯ ಇಂಡಿಯನ್ ಅಂಗಡಿಯಲ್ಲಿ ಯತೀಶ ಎದುರಾದಾಗ ಅಪ್ಪಿಕೊಂಡ. ವೀಸಾದ ಸಂಕಟ ಕೇಳಿ ಲೊಚಗುಟ್ಟಿದ. ಆಮೇಲೆ ಈ ಐದು ನಿಮಿಷದ ಮಾತು ತೆಗೆದ. ಹೋಗುವುದೋ ಬೇಡವೋ ಎಂದು ಅಡಿವೆಪ್ಪ ಕೊರಗುತ್ತಿದ್ದರೆ ಡೆಲ್ಫಿನ್ ಅವನ ಊಟದ ಡಬ್ಬಿ ಕಟ್ಟುತ್ತಾ ಹೇಳಿದ್ದಳು: "ಅವ ಎಂತ ಹೇಳ್ತಾನೋ ಹೇಳಿ ಬನ್ನಿ ಮಾರಾಯ್ರೆ. ಐದು ನಿಮಿಷ ಮಂಗ ಆದ್ರೆ ಎಂತ ಹೋಗ್ತದೆ? ಈ ಮಗುವಿಗೆ ಅಪ್ಪ ಉಂಟಲ್ಲ, ಅಷ್ಟು ಸಾಕು ನಂಗೆ."

ಹಾಗೆ ಬಂದಿದ್ದ. ಮಂಗನಾಗಲು ಒಪ್ಪಿಯೇ ಬಂದಿದ್ದ. ಬ್ಯಾಡ್ಜಿನ ಪದ ಕಾಣುವವರೆಗೂ ಒಪ್ಪಿದ್ದ.

ಹಾಲ್‌ನಲ್ಲಿ ಬ್ರಾನ್ವಿನ್ ಪರದೆ ತೋರಿಸುತ್ತಾ ಮಾತಾಡುತ್ತಿದ್ದಳು. ಅಡಿವೆಪ್ಪ ಪಕ್ಕದಲ್ಲಿ ಬರಿಗಾಲಲ್ಲಿ ನಿಂತು ಕೇಳಿಸಿಕೊಂಡ. ಯಾವ ದೇಶವಾದರೂ ಮೊದಲು ರೋಗಿಯ ಮಗುವನ್ನು ಮುಂದಿಡಬೇಕು. ಮಗುವಿನ ಫಿಟ್ಸ್ ಕಂಡರೆ ಎಂಥ ಮಂತ್ರಿಯೂ ಕರಗುತ್ತಾನೆ. ಎರಡನೆಯದು ತಾಯಂದಿರು. ಮೂರನೆಯದು ತೆರಿಗೆಯ ಲೆಕ್ಕ. ಏಷ್ಯಾದ ಸರ್ಕಾರಗಳಿಗೆ ಧರ್ಮ, ಪರಂಪರೆ. ಯಾರನ್ನು ಮುಂದಿಡಬಾರದು ಎಂಬುದಕ್ಕೂ ಒಂದು ಚಿತ್ರವಿತ್ತು. ಕಂಬಿಗಳ ಹಿಂದೆ ಒಂದು ಮುಖ. ಅದರ ಮೇಲೆ ಕೆಂಪು ಗೀಟು.

ಮೆಕ್ಸಿಕೋದ ಹೆಂಗಸೊಬ್ಬಳು ಎದ್ದು ಕೇಳಿದಳು: "ಇದಕ್ಕಾಗಿ ಈಗಾಗಲೇ ಜೈಲಿನಲ್ಲಿರುವವರ ಗತಿ?"

"ನಾವು ಅವರನ್ನು ಮರೆತಿಲ್ಲ" ಎಂದಳು ಬ್ರಾನ್ವಿನ್, ಅದೇ ಮೃದು ದನಿಯಲ್ಲಿ. "ಮೊದಲು ಗೆಲ್ಲೋಣ. ಅವರ ವಿಷಯ ಕೊನೆಯ ಹಂತ. ಈಗಲೇ ಎತ್ತಿದರೆ ಸೋಲುತ್ತೇವೆ."

ಎಲ್ಲರೂ ತಲೆಯಾಡಿಸಿದರು. ನಂತರ ಅಡಿವೆಪ್ಪನನ್ನು ಕರೆದರು.

ದೀಪದ ಕಾವು ನೇರ ಮುಖಕ್ಕೆ ಬಡಿಯಿತು. ಟೂಂಗಾಬಿಯ ಮನೆಯದೇ ಕಾವು. ಯತೀಶ ಪಕ್ಕದಲ್ಲಿ ಮೈಕ್ ಹಿಡಿದು ನಿಂತ. ಅಡಿವೆಪ್ಪನಿಗೆ ಡೆಲ್ಫಿನ್ ನೆನಪಾದಳು. ಗ್ಲೆನಿಟಾ ನೆನಪಾದಳು. ಎದೆಯ ಮೇಲಿನ ಬ್ಯಾಡ್ಜ್ ಚುಚ್ಚಿತು.

"ನಮಸ್ಕಾರ್ರಿ. ನಾ ಅಡಿವೆಪ್ಪ. ಇಲ್ಲಿ ಫಾರ್ಮರ್ ಅಂತ ಬರ್ದಾರ. ಅದು ಸುಳ್ಳದ. ನಾ ಹೊಲಾ ಕಾಯಾಂವ."

ಯತೀಶನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ: "ನಮಸ್ಕಾರ. ನನ್ನ ಹೆಸರು ಅಡಿವೆಪ್ಪ. ನಾನು ತಲೆತಲಾಂತರದಿಂದ ಈ ಗಿಡ ಬೆಳೆದ ರೈತ."

ಚಪ್ಪಾಳೆ ಬಿತ್ತು. ಅಡಿವೆಪ್ಪ ತಿರುಗಿ ಅವನನ್ನು ನೋಡಿದ.

"ನಮ್ಮಪ್ಪ ಗೌಡರ ಹೊಲಾ ಕಾಯ್ದ, ಹೊಡೆತ ತಿಂದ. ನಾ ಈ ಯತೀಶಂದು ಕಾಯ್ದೆ, ಜೈಲಿಗೆ ಹೋದೆ."

"ನನ್ನ ತಂದೆ, ನಾನು, ಇಬ್ಬರೂ ಈ ಪವಿತ್ರ ಗಿಡವನ್ನು ಕಾಪಾಡಿದೆವು. ಅದಕ್ಕಾಗಿ ಕಷ್ಟಪಟ್ಟೆವು."

ಮತ್ತೆ ಚಪ್ಪಾಳೆ. ಮುಂದಿನ ಸಾಲಿನ ಮುದುಕಿ ಕಣ್ಣೊರೆಸಿಕೊಂಡಳು.

"ಒಂದು ಚಿಲುಮಿ ಸೇದಿದ್ವಿ ಅಂತ ಇವನ ಹೆಸರು ಹೇಳ್ಲಿಲ್ಲ ನಾ. ಇವ ನನ್ನ ಹೆಸರು ಮಾರ್ಲಿಕತ್ತಾನ."

"ನಮ್ಮಲ್ಲಿ ಎಲ್ಲರೂ ಒಂದೇ ಚಿಲುಮೆಯಲ್ಲಿ ಸೇದುತ್ತೇವೆ. ಅಲ್ಲಿ ಭೇದವಿಲ್ಲ" ಎಂದ ಯತೀಶ. ಬಾಯಿ ಅಲ್ಲಾಡಿಸದೆ ಕನ್ನಡದಲ್ಲಿ ಸೇರಿಸಿದ: "ಹೆಂಡ್ತಿ ಮಗು ನೆನಪಿರ್ಲಿ ಗುರು. ಮುಚ್ಕೊಂಡು ಕೈ ಮುಗಿ."

ಹಾಲ್‌ಗೆ ಹಾಲೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ತನ್ನ ಬಾಯಿಂದ ಹೊರಟ ಒಂದು ಮಾತೂ ಎರಡಡಿ ದಾಟುತ್ತಿಲ್ಲ, ಅಲ್ಲೇ ಕತ್ತು ಹಿಸುಕಿಸಿಕೊಂಡು ಸಾಯುತ್ತಿದೆ. ಅಡಿವೆಪ್ಪನಿಗೆ ಮೈ ಉರಿಯಿತು. ಅಪ್ಪನ ಕವಣೆ ಹಿಡಿದ ಕೈ ಅವನದೂ. ಯತೀಶನ ಕೈಯಿಂದ ಮೈಕ್ ಕಿತ್ತುಕೊಂಡ. ತನ್ನ ಕಿಚನ್ ಇಂಗ್ಲಿಷಿನಲ್ಲಿ ಶುರುಮಾಡಿದ.

"ನೋ. ಹೀ ಸೇ ರಾಂಗ್. ಐ ನಾಟ್ ಫಾರ್ಮರ್. ಐ ವಾಚ್. ಹಿಸ್ ಹೌಸ್, ಹಿಸ್ ಪ್ಲಾಂಟ್. ಟೂಂಗಾಬಿ. ಪೊಲೀಸ್ ಕಮ್. ಐ ಗೋ ಜೈಲ್. ಹೀ ಗೋ ಆಫೀಸ್. ನೌ ಹೀ ಗೆಟ್ ಲೈಸೆನ್ಸ್. ಮೀ ಗೆಟ್ ಔಟ್. ಯೂ ಆಲ್ ಸೇ ಲಾಸ್ಟ್ ಸ್ಟೆಪ್, ಲಾಸ್ಟ್ ಸ್ಟೆಪ್. ಐ ಆಮ್ ಲಾಸ್ಟ್ ಸ್ಟೆಪ್. ಲುಕ್ ಮೀ."

ಬ್ಯಾಡ್ಜ್ ಕಿತ್ತ. ಕಾವಿಯೂ ಹರಿಯಿತು. ಬ್ಯಾಡ್ಜನ್ನು ಯತೀಶನ ಕಾಲ ಬಳಿ ಎಸೆದ.

ಚಪ್ಪಾಳೆ ನಿಂತಿತು. ಮೆಕ್ಸಿಕೋದ ಹೆಂಗಸೊಬ್ಬಳೇ ನಿಂತೇ ಇದ್ದಳು. ಬ್ರಾನ್ವಿನ್ ಬಂದು ಅವನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟಳು. ಅಷ್ಟೇ ಮೆಲ್ಲಗೆ ಮೈಕ್ ತೆಗೆದುಕೊಂಡಳು. ನಿಷೇಧದ ಕಾನೂನು ಮನಸ್ಸಿಗೆ ಎಂಥ ಗಾಯ ಮಾಡುತ್ತದೆ ನೋಡಿ ಎಂದು ಸಭೆಗೆ ಹೇಳಿದಳು. ಟೀ ವಿರಾಮ ಎಂದಳು. ಜನ ನಿಟ್ಟುಸಿರು ಬಿಟ್ಟು ಬಿಸ್ಕತ್ತಿನ ಕಡೆ ಸರಿದರು.

ಅವನನ್ನು ಅಡುಗೆಮನೆಯ ಬಾಗಿಲಿಂದ ಹೊರಗೆ ಬಿಟ್ಟರು. ಅಂಗಿ, ಬೂಟು ಮೇಲಿನ ಕೋಣೆಯಲ್ಲಿದ್ದವು. ಕೇಳಿದ. ಕಳಿಸಿಕೊಡುತ್ತೇವೆ ಅಂದರು. ಜುಲೈ ತಿಂಗಳ ಮೆಲ್ಬರ್ನ್. ಹರಿದ ಕಾವಿ, ಬರಿಗಾಲು. ಬಾಕ್ಸ್ ಹಿಲ್ ಸ್ಟೇಷನ್ನಿನಲ್ಲಿ ಒಬ್ಬಳು ತಾಯಿ ಮಗುವನ್ನು ಆಚೆ ಎಳೆದುಕೊಂಡಳು. ಸಿಡ್ನಿಯ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯಿತು. ಬೂಟು ಇವತ್ತಿನವರೆಗೂ ಬಂದಿಲ್ಲ.

ಡೆಲ್ಫಿನ್ ಎಲ್ಲವನ್ನೂ ಕೇಳಿದಳು. ಅಳಲಿಲ್ಲ.

"ನಿಮಗೆ ನಿಮ್ಮ ಮಾತು ದೊಡ್ಡದು. ನಮಗೆ ನೀವು ದೊಡ್ಡದಿತ್ತು" ಎಂದಳು.

ಅವಳ ಮಾತೂ ನಿಜ, ತನ್ನ ಮಾತೂ ನಿಜ. ಎರಡು ನಿಜವನ್ನು ಒಂದೇ ಮನೆಯಲ್ಲಿ ಸಾಕುವ ಶಕ್ತಿ ಬಡವರಿಗೆ ಎಲ್ಲಿಂದ ಬರಬೇಕು?

ಲಾಯರ್ ಬರಲಿಲ್ಲ. ವೀಸಾ ತಿರಸ್ಕಾರವಾಯಿತು. ಅಡಿವೆಪ್ಪನನ್ನು ಹೋಟೆಲಿನ ಸಿಂಕಿನ ಮುಂದಿನಿಂದಲೇ ಸಿಡ್ನಿಯ ಡಿಟೆನ್ಷನ್ ಸೆಂಟರಿಗೆ ಒಯ್ದರು. ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಕ್ರಿಸ್ಮಸ್ಸಿಗೆ ಮುಂಚೆ ವಿಮಾನ ಹತ್ತಿಸುತ್ತೇವೆಂದರು.

ಅಲ್ಲಿಗೂ ಯತೀಶ ಬಿಡಲಿಲ್ಲ. ಸಮ್ಮೇಳನದ ವಿಡಿಯೋ ಜಗತ್ತೆಲ್ಲ ಓಡಿತು. ಸೀಳಿದ ಕೈ, ವಿಭೂತಿ, ಬರಿಗಾಲು, ಕನ್ನಡದ ಮೂರು ಮಾತು. ಕೆಳಗೆ ಯತೀಶನ ಇಂಗ್ಲಿಷ್ ಸಾಲು. ಎದ್ದು ನಿಂತ ಸಭೆ. ಅಲ್ಲಿಗೆ ಮುಗಿಯುತ್ತಿತ್ತು. ಮೈಕ್ ಕಿತ್ತದ್ದು ಅದರಲ್ಲಿರಲಿಲ್ಲ. ಸೆಂಟರಿನ ಗಾರ್ಡ್ ಒಬ್ಬನ ತಾಯಿಗೆ ಕೀಲುನೋವಂತೆ, ಅವಳು ಆ ವಿಡಿಯೋವನ್ನು ಮಗನಿಗೆ ಕಳಿಸಿದ್ದಳಂತೆ. ಅವನು ಕೆಟ್ಟವನಲ್ಲ. ಅಂದಿನಿಂದ ಅಡಿವೆಪ್ಪನನ್ನು ಪ್ರೀತಿಯಿಂದಲೇ ಫಾರ್ಮರ್ ಎಂದು ಕರೆಯತೊಡಗಿದ. ಉಳಿದವರೂ ಕರೆದರು.

ಕೊನೆಯ ಭೇಟಿಯ ದಿನ ಡೆಲ್ಫಿನ್ ಗ್ಲೆನಿಟಾಳನ್ನು ಕರೆತಂದಳು. ಮೇಜಿಗೆ ಅಂಟಿಸಿದ ಕುರ್ಚಿಗಳು. ಮಗು ಅಪ್ಪನ ಕೈ ಹಿಡಿದು ಸುಲಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತಾ ಇಂಗ್ಲಿಷಿನಲ್ಲಿ ಹೇಳಿತು: "ಪಪ್ಪಾ, ನಿನ್ನ ವಿಡಿಯೋ ನೋಡಿದೆ. ಆದರೆ ಕೆಳಗೆ ಬರೆದದ್ದು ನೀನು ಹೇಳಿದ್ದಲ್ಲ."

ಅಡಿವೆಪ್ಪ ತಲೆಯೆತ್ತಿದ. "ನಿನಗ ತಿಳೀತೇನವ್ವ?"

"ಹ್ಞೂಂ. ಎಲ್ಲಾ ತಪ್ಪು ಬರ್ದಿದಾರೆ." ಮಗು ಈ ಸಲ ಹೇಳಿದ್ದು ಕನ್ನಡದಲ್ಲಿ.

ಡೆಲ್ಫಿನ್ ಗೋಡೆಯ ಕಡೆ ಮುಖ ತಿರುಗಿಸಿದಳು. ಈಗ ಅತ್ತಳು.

ಗಾರ್ಡ್ ಬಂದು ನಿಂತ. "ಟೈಮ್ ಆಯಿತು, ಫಾರ್ಮರ್."

"ಅವರು ಫಾರ್ಮರ್ ಅಲ್ಲ" ಎಂದಳು ಗ್ಲೆನಿಟಾ, ಇಂಗ್ಲಿಷಿನಲ್ಲಿ.

ಗಾರ್ಡ್ ನಕ್ಕು ಮಂಡಿಯೂರಿದ. "ಹೌದಾ? ಮತ್ತೆ ಯಾರು?"

ಮಗು ಇಂಗ್ಲಿಷಿನಲ್ಲಿ ಪದ ಹುಡುಕಿತು. ಸಿಗಲಿಲ್ಲ. "ಹೊಲಾ ಕಾಯಾಂವ" ಎಂದಿತು.

"ಹಾಗಂದರೆ?"

"ಹಾಗಂದರೆ, ಅದು ಅವರದ್ದಾಗಿರಲಿಲ್ಲ."

ಹತ್ತು ವರ್ಷ ಯಾವ ಠಾಣೆಯಲ್ಲೂ, ಯಾವ ಕೋರ್ಟಿನಲ್ಲೂ, ಯಾವ ಸಭೆಯಲ್ಲೂ ಆಗದ ಭಾಷಾಂತರ ಆ ಬಾಗಿಲ ಬಳಿ ಆಯಿತು. ಕೇಳಿಸಿಕೊಂಡವನು ಬಾಗಿಲು ಕಾಯುವವನು. ಅವನಿಗೆ ಏನೂ ಅರ್ಥವಾಗಲಿಲ್ಲ. ಮಗುವಿನ ತಲೆ ಸವರಿ ಎದ್ದ. ಅಡಿವೆಪ್ಪನ ರಟ್ಟೆ ಹಿಡಿದು, ನಡಿ ಫಾರ್ಮರ್ ಎಂದ.